ಕೋಶಕ್ಕೆ ಕಣ್ಣಿಲ್ಲ

ಮೊನ್ನೆ ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರು ನನ್ನ ದವಡೆಗೆ ಕೂಡಿಸಲಿದ್ದ ಪುಟ್ಟ ಸ್ಕ್ರೂ ತೋರಿಸಿ, “ಇದನ್ನ ಬೇಕಂತನ ಒರಟು ಮಾಡಿರ್ತಾರ್ರಿ. ಭಾಳ ನುಣುಪಿದ್ರ ಎಲುಬು ಛಲೋ ಹಿಡಿಯಂಗಿಲ್ಲ” ಎಂದರು. ಗೊತ್ತು ಎಂದೆ. ಬಾಯಿ ಅಗಲಿಸಿಕೊಂಡು ಹೇಳಿದ್ದರಿಂದ ಅವರಿಗೆ ನರಳಿದಂತೆ ಕೇಳಿಸಿರಬೇಕು. ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ನಿಜಕ್ಕೂ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಮಸ್ಕಿಯಲ್ಲಿ ನನ್ನ ತಂಗಿಯ ಮಗಳು ನೇತ್ರಾಳನ್ನು ನೋಡಲು ಲಿಂಗಸುಗೂರಿನವರು ಬಂದಿದ್ದರು. ನೇತ್ರಾ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಏನು ಸಂಶೋಧನೆಯೆಂದು ನಾವಾರೂ ಕೇಳಿರಲಿಲ್ಲ. ‘ದೊಡ್ಡ ಓದು’ ಎಂದು ಹೇಳಿಕೊಂಡು ತಿರುಗುತ್ತಿದ್ದೆವು. “ಅಣ್ಣಾ, ಅಕಿ ಮಾತು ಶುರು ಮಾಡಿದ್ರ ನೀ ಅಡ್ಡ ಬಾ” ಎಂದು ತಂಗಿ ನನಗೊಂದು ಹುದ್ದೆ ಕೊಟ್ಟಿದ್ದಳು.

ಹುಡುಗನ ತಂದೆ ಉಪ್ಪಿಟ್ಟು ತಿನ್ನುತ್ತಲೇ ಕೇಳಿದರು: “ಏನ್ ಓದಾಕತ್ತೀಯವ್ವಾ?”

“ಸ್ಟೆಮ್ ಸೆಲ್ ರೀ. ತಾನು ಏನಾಗಬೇಕಂತ ಇನ್ನೂ ನಿಕ್ಕಿ ಮಾಡದ ಕೋಶ. ಕೆಳಗಿನ ನೆಲ ಒರಟೈತೋ ನುಣುಪೈತೋ ಅನ್ನೋದ್ರ ಮ್ಯಾಲೆ ಅದು ಎಲುಬಾಗೋ ಕಡೆ ವಾಲತೈತೋ ಇಲ್ಲೋ ನೋಡತೀನ್ರಿ.”

ಅವರು ಮಗನ ಕಡೆ ನೋಡಿದರು. ಮಗ ಬಸವರಾಜ ಬಿ.ಎಡ್. ಮುಗಿಸಿ, ಮೊಬೈಲ್ ಅಂಗಡಿ ಇಟ್ಟು, ಅದನ್ನೂ ಮುಚ್ಚಿ, ಆಗ ಜೇನು ಸಾಕುವ ವಿಚಾರದಲ್ಲಿದ್ದ. “ಹಂಗಾದ್ರ ನಮ್ಮಂವನೂ ಅದ ಜಾತಿ ಕೋಶ ಬಿಡವ್ವಾ. ನಾವ ಭಾಳ ನುಣ್ಣಗ ಬೆಳಿಸೀವಿ” ಎಂದರು.

ಅಡ್ಡ ಬರಲು ನಾನು ಕೆಮ್ಮಿದೆ. ತಂಗಿ ನೀರು ತಂದುಕೊಟ್ಟಳು. ಅಷ್ಟರಲ್ಲಿ ಬಸವರಾಜ ಮೊದಲ ಸಲ ತಲೆಯೆತ್ತಿ, “ಕೋಶಕ್ಕ ಕಣ್ಣಿಲ್ಲಲ್ರಿ, ನೆಲ ಒರಟೈತಂತ ಹೆಂಗ್ ತಿಳೀತೈತಿ?” ಎಂದ.

ನೇತ್ರಾಳ ಮುಖ ನೀವು ನೋಡಬೇಕಿತ್ತು. “ಕಾಲೂರಿ ಹಿಡ್ಕೊಂತಾವ್ರಿ. ಹಿಡಿದು ಎಳದ್ರ, ಆ ಎಳೆತ ಒಳಗಿನ ತನಕ ಮುಟ್ಟತೈತಿ” ಎಂದು ಶುರು ಮಾಡಿದವಳು ಚಹಾ ಕೆನೆಗಟ್ಟಿದರೂ ನಿಲ್ಲಿಸಲಿಲ್ಲ. ಗಂಟಲು ಕೆರೆದುಹೋಗುವ ತನಕ ಕೆಮ್ಮಿ ನಾನೇ ಸುಮ್ಮನಾದೆ.

ಮುಂದಿನ ವಾರ ಉತ್ತರ ಬಂತು: ಹುಡುಗಿ ಛಲೋ, ಮಾತು ಜಾಸ್ತಿ. ತಂಗಿ ಅತ್ತಳು. ನೇತ್ರಾ ಅಳಲಿಲ್ಲ, ಧಾರವಾಡದ ಬಸ್ ಹತ್ತಿ ಕಿಟಕಿಯಿಂದ, “ಮಾಮಾ, ಕೇಳಿದಂವ ಅವ ಒಬ್ಬನ” ಎಂದಷ್ಟೇ ಹೇಳಿದಳು.

ಆಮೇಲೊಂದು ಮಧ್ಯಾಹ್ನ ಬಸವರಾಜ ತಾನಾಗಿಯೇ ತುರ್ವಿಹಾಳದ ನಮ್ಮ ಮನೆಗೆ ಬಂದ. “ಕಾಕಾ, ಒರಟು ನೆಲದಾಗಿದ್ದ ಕೋಶಾನ ತಗದು ನುಣುಪಿಗೆ ಹಾಕಿದ್ರ ಅದು ಹಳೇದು ಮರೀತೈತೇನ್ರಿ?” ಗೊತ್ತಿಲ್ಲದ್ದಕ್ಕೂ ಉತ್ತರ ಕೊಡುವುದು ನನ್ನ ಚಟ. ಅಂದು ಮಾತ್ರ ಯಾವ ದೇವರು ಬಾಯಿ ಕಟ್ಟಿದನೋ, ನೇತ್ರಾಳನ್ನು ಕೇಳಿ ಅವಳ ನಂಬರ್ ಕೊಟ್ಟೆ. ಅವನ ಪ್ರಶ್ನೆಗಳು ಮುಗಿಯಲೇ ಇಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು. ಈಗ ಧಾರವಾಡದಲ್ಲಿ ಅವನು ಜೇನು ಮಾರುತ್ತಾನೆ, ಅವಳು ಕೋಶ ಸಾಕುತ್ತಾಳೆ.

ಡಾಕ್ಟರ ಕೈಯಿಂದ ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದವನು ನೇತ್ರಾಳಿಗೆ ಫೋನ್ ಹಚ್ಚಿದೆ. ಜೋಮು ಹಿಡಿದ ಬಾಯಿಂದ ಹೊರಟದ್ದು ಅವಳಿಗೆ ತಿಳಿಯಲಿಲ್ಲ. ಅವಳ ಪಕ್ಕದಿಂದ ಬಸವರಾಜ, “ಎಲುಬು ಸ್ಕ್ರೂನ ಹೆಂಗ್ ಹಿಡೀತೈತಿ ಅಂತ ಕೇಳಾಕತ್ತಾರ” ಎಂದ.



“ಮಾಮಾ, ನೀ ಕೇಳಾಕತ್ತಿಯೇನು?” ಎಂದಳು. ಆಮೇಲೆ ಶುರು ಮಾಡಿದಳು. ತುರ್ವಿಹಾಳದ ಬಸ್ ಬಂತು, ತುಂಬಿಕೊಂಡು ಹೋಯಿತು. ನಾನು ಕಂಬಕ್ಕೆ ಒರಗಿ ಕೇಳುತ್ತ ನಿಂತೆ.