ಪಾರಿವಾಳ ಗುಂಪಿನ ಇಬ್ಬರು ವೆಂಕಟೇಶರು

ಖದೀರ್ ಹುಣಸೂರಿನಲ್ಲಿ ಹತ್ತಿ ಹಾಸಿಗೆ ಹೊಲಿಯುವವರು. ವಯಸ್ಸು ನಲವತ್ತೆಂಟು. ಮನೆಯ ಮುಂಭಾಗವೇ ಅಂಗಡಿ, ತಾರಸಿಯ ಮೇಲೆ ಇಪ್ಪತ್ತಾರು ಪಾರಿವಾಳ. ಮದುವೆಗೂ ಮೊದಲಿನಿಂದ ಇರುವ ಹುಚ್ಚು ಅದು. ಹೆಂಡತಿ ಜಮೀಲುನ್ನೀಸಾ ಅದರ ಬಗ್ಗೆ ಮಾತಾಡುವುದನ್ನು ಬಿಟ್ಟು ಬಹಳ ವರ್ಷಗಳಾಗಿವೆ.

ಪಿರಿಯಾಪಟ್ಟಣದ ಲೈನ್‌ಮನ್ ಶಶಿಕುಮಾರ್ ಟೆಲಿಗ್ರಾಂನಲ್ಲಿ ಪಾರಿವಾಳ ಸಾಕುವವರ ಗುಂಪೊಂದನ್ನು ಕಟ್ಟಿದ್ದರು. ಸುತ್ತಲಿನ ನಾಲ್ಕು ತಾಲ್ಲೂಕಿನ ಮುನ್ನೂರು ಜನ ಅದರಲ್ಲಿದ್ದರು. ಯಾರ ಹಕ್ಕಿ ಎಷ್ಟು ಹೊತ್ತು ಹಾರಿತು, ಯಾವುದಕ್ಕೆ ಕಾಯಿಲೆ, ಯಾವ ಜೋಡಿ ಮೊಟ್ಟೆ ಇಟ್ಟಿತು, ಇದೇ ಮಾತು. ಶಶಿಕುಮಾರ್ ರಾಯಚೂರಿಗೆ ವರ್ಗವಾದಾಗ ಹಕ್ಕಿಗಳನ್ನು ಗೆಳೆಯರಿಗೆ ಹಂಚಿ, ಗುಂಪನ್ನು ಖದೀರ್ ಕೈಗೆ ಕೊಟ್ಟರು. ಕೊಟ್ಟದ್ದು ಖದೀರ್‌ಗೆ ತಿಳಿದದ್ದು ಎರಡು ದಿನದ ಮೇಲೆ. ಯಾರೋ ಒಬ್ಬರು, ಅಡ್ಮಿನ್ ಸಾಹೇಬರೇ, ಈ ಸಾಲದ ಜಾಹೀರಾತು ತೆಗೆಯಿರಿ ಎಂದು ಬರೆದಿದ್ದರು. ಸಾಹೇಬರು ಯಾರಪ್ಪಾ ಎಂದು ಖದೀರ್ ಹುಡುಕಿದರೆ ತಾವೇ. ಗಾಬರಿಯಲ್ಲಿ ಏನನ್ನೋ ಒತ್ತಿದರು. ಜಾಹೀರಾತು ಅಲ್ಲೇ ಉಳಿಯಿತು, ದೂರು ಕೊಟ್ಟವರು ಗುಂಪಿನಿಂದ ಹೊರಗೆ ಹೋದರು.

ಆಮೇಲೆ ಕಲಿತರು. ಬೆಳಗಿನ ನಮಾಜ್ ಮುಗಿಸಿ ಹಕ್ಕಿಗಳಿಗೆ ಜೋಳ ಹಾಕಿ, ಕನ್ನಡಕ ಏರಿಸಿ ಕೂತು, ‘ಮನೆಯಲ್ಲೇ ಕೂತು ದುಡಿಯಿರಿ’, ‘ಲಾಟರಿ ಹೊಡೆದಿದೆ’ ಎನ್ನುವವರನ್ನೆಲ್ಲ ಆರಿಸಿ ತೆಗೆಯುತ್ತಿದ್ದರು. ಇಷ್ಟು ಗಮನ ಕೊಟ್ಟು ಒಂದು ದಿನ ಅಕ್ಕಿಯಲ್ಲಿ ಕಲ್ಲು ಆರಿಸಿಕೊಟ್ಟಿದ್ದರೆ ಸಾಕಿತ್ತು ಎಂದು ಜಮೀಲುನ್ನೀಸಾ ಅಂದರು.

ಗುಂಪಿನಲ್ಲಿ ಖದೀರ್‌ಗೆ ತುಂಬ ಹತ್ತಿರದವರೆಂದರೆ ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದ ವೆಂಕಟೇಶ್. ಮುಖ ನೋಡಿದವರಲ್ಲ, ದನಿ ಕೇಳಿದವರಲ್ಲ. ಮೂರು ವರ್ಷದಿಂದ ಬರೀ ಬರಹದ ಗೆಳೆತನ. ವೆಂಕಟೇಶ್ ಚೆನ್ನಾಗಿ ಬರೆಯುತ್ತಿದ್ದರು. ಗಿಡುಗ ಎತ್ತಿಕೊಂಡು ಹೋದ ಹಕ್ಕಿಯ ಜೋಡಿ ಮೂರು ದಿನ ಕಾಳು ಮುಟ್ಟದೆ ಇದ್ದದ್ದನ್ನು ಅವರು ಬರೆದಾಗ ಖದೀರ್ ಆ ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಹತ್ತಿಯ ಧೂಳಿಗೆ ತಮಗೆ ಉಬ್ಬಸ ಶುರುವಾಗಿದೆ, ಮನೆಯಲ್ಲಿ ಹೇಳಿಲ್ಲ ಎನ್ನುವುದನ್ನೂ ಖದೀರ್ ಅವರೊಬ್ಬರಿಗೇ ಬರೆದಿದ್ದರು. ಮುಚ್ಚಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಎಂದು ಉತ್ತರ ಬಂದಿತ್ತು.

ಕಳೆದ ಫೆಬ್ರವರಿಯಲ್ಲಿ ಹೊಸ ನಂಬರಿನಿಂದ ಒಂದು ಸಂದೇಶ ಬಂತು. ನಾನು ವೆಂಕಟೇಶ್, ನನ್ನ ಹಳೆಯ ಖಾತೆಯನ್ನು ಕಳ್ಳರು ಹಿಡಿದುಕೊಂಡಿದ್ದಾರೆ, ಅದರಿಂದ ಏನು ಬಂದರೂ ನಂಬಬೇಡಿ, ಈ ನಂಬರನ್ನು ಗುಂಪಿಗೆ ಸೇರಿಸಿ ಎಂದಿತ್ತು. ಖದೀರ್ ಹಳೆಯ ಖಾತೆಗೆ ಕೇಳಿದರು. ಅಲ್ಲಿಂದ ತಕ್ಷಣ ಉತ್ತರ: ಯಾರೋ ನನ್ನ ಹೆಸರಲ್ಲಿ ಮೋಸ ಮಾಡುತ್ತಿದ್ದಾರೆ ಅಣ್ಣ, ಹುಷಾರು.

ಹೆಸರು ಒಂದೇ, ಹಾಕಿಕೊಂಡ ಹಕ್ಕಿಯ ಚಿತ್ರವೂ ಒಂದೇ. ಖದೀರ್ ಅರ್ಧ ಹೊಲಿದ ಹಾಸಿಗೆಯ ಮೇಲೆ ಕೂತುಬಿಟ್ಟರು. ಕೊನೆಗೆ ಇಬ್ಬರಿಗೂ ಒಂದೇ ಪ್ರಶ್ನೆ ಕಳಿಸಿದರು: ಹೋದ ವರ್ಷ ನಿಮ್ಮ ಕಂದು ಹೆಣ್ಣು ಪಾರಿವಾಳಕ್ಕೆ ಏನಾಗಿತ್ತು?

ಹಳೆಯ ಖಾತೆ ಐದೇ ನಿಮಿಷದಲ್ಲಿ, ಕುತ್ತಿಗೆ ತಿರುಚುವ ರೋಗ ಬಂದಿತ್ತು, ಹದಿನೆಂಟು ದಿನ ಕೈಯಲ್ಲೇ ತಿನ್ನಿಸಿ ಉಳಿಸಿಕೊಂಡೆ ಎಂದು ಬರೆಯಿತು. ಹೊಸ ನಂಬರು ಬರೆಯಲಿಲ್ಲ, ನೇರ ಫೋನ್ ಮಾಡಿತು. ಒರಟು ದನಿಯ ಗಂಡಸು.

"ಯಾವ ಕಂದು ಹೆಣ್ಣು? ನಮ್ಮತ್ರ ಐದವೆ. ಅವೆಲ್ಲ ಯಾರು ನೆನಪಿಟ್ಕಂಡಾರು ಕಣ್ರೀ?"

ತಾವು ಓದಿದ ವೆಂಕಟೇಶ್ ಹೀಗೆ ಮಾತಾಡುವವರಲ್ಲ ಎಂದು ಖದೀರ್‌ಗೆ ಅನಿಸಿತು. ಹೊಸ ನಂಬರನ್ನು ತಡೆದು, ಹಳೆಯದನ್ನು ಉಳಿಸಿಕೊಂಡರು.

ಮೂರನೆಯ ದಿನ ಆ ಹಳೆಯ ಖಾತೆ ಗುಂಪಿನಲ್ಲಿ ಒಂದು ಲಿಂಕ್ ಹಾಕಿತು. ಪಾರಿವಾಳ ಸ್ಪರ್ಧೆಯ ಹೆಸರು ನೋಂದಣಿ ಎಂದಿತ್ತು. ರಾವಂದೂರಿನ ಪುಟ್ಟಮಲ್ಲಪ್ಪ ಅದನ್ನು ಒತ್ತಿದರು. ಸಂಜೆಯ ಹೊತ್ತಿಗೆ ಅವರ ಖಾತೆಯೂ ಕೈಬಿಟ್ಟುಹೋಗಿ, ಅವರ ಹೆಸರಿನಿಂದಲೂ ಅದೇ ಲಿಂಕ್ ಬರತೊಡಗಿತು. ಖದೀರ್ ಎರಡನ್ನೂ ತೆಗೆದುಹಾಕಿದರು. ಹಾಗಾದರೆ ಕಂದು ಹೆಣ್ಣಿನ ಕಥೆ ಕಳ್ಳನಿಗೆ ಹೇಗೆ ಗೊತ್ತು, ಸ್ವಂತ ಹಕ್ಕಿಯ ಕಾಯಿಲೆ ವೆಂಕಟೇಶ್‌ಗೆ ಏಕೆ ಗೊತ್ತಿಲ್ಲ? ಎಷ್ಟು ಯೋಚಿಸಿದರೂ ಹೊಂದಲಿಲ್ಲ. ಭಾನುವಾರ ಅಂಗಡಿ ಮುಚ್ಚಿ ಕೆ.ಆರ್. ನಗರದ ಬಸ್ಸು ಹತ್ತಿದರು.

ಹೊಸ ಅಗ್ರಹಾರದಲ್ಲಿ ಪಾರಿವಾಳದ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ವೆಂಕಟೇಶ್ ಕಬ್ಬಿನ ಗದ್ದೆಯಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದರು. ಫೋನಿನಲ್ಲಿ ಕೇಳಿದ ಅದೇ ಒರಟು ದನಿ. ಖದೀರ್ ಹೆಸರು ಹೇಳಿ ತಪ್ಪಾಯಿತು ಎಂದರು. ವೆಂಕಟೇಶ್ ತಲೆಯಾಡಿಸಿ ಜಗಲಿ ತೋರಿಸಿದರು. ಕಾಫಿ ತಂದವರು ಅವರ ಹೆಂಡತಿ ಪದ್ಮಶ್ರೀ. ಲೋಟ ಕೊಟ್ಟವರೇ ಖದೀರ್ ಮುಖ ನೋಡಿ, ಉಬ್ಬಸ ಈಗ ಹೇಗಿದೆ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರು.

ಖದೀರ್ ಲೋಟ ಕೆಳಗಿಟ್ಟು, ಅದು ನಿಮಗೆ ಹೇಗೆ ಗೊತ್ತು ಎಂದರು.

"ಬರಿಯೋಳು ನಾನು ಕಣಣ್ಣ," ಎಂದರು ಪದ್ಮಶ್ರೀ. "ಇವ್ರು ಒಂದು ಮಾತು ಏಳ್ತಾರೆ, ನಾನು ಅತ್ತು ಮಾತು ಸೇರಿಸ್ತೀನಿ. ಆ ಹಕ್ಕಿಗೆ ತಿನ್ಸಿದ್ದೂ ನಾನೇ. ನೀವು ಪ್ರಶ್ನೆ ಕಳಿಸ್ದಾಗ ನಾನು ತೌರಲ್ಲಿದ್ದೆ."

ಹಕ್ಕಿಯ ಕಾಯಿಲೆಯನ್ನೆಲ್ಲ ಅವರು ಗುಂಪಿನಲ್ಲಿ ಬರೆದೇ ಇದ್ದರು. ಕಳ್ಳ ಹಿಂದಕ್ಕೆ ಹುಡುಕಿ ಓದಿಕೊಂಡಿದ್ದ, ಅಷ್ಟೆ. ಗಂಡ ಅದನ್ನು ಯಾವತ್ತೂ ಓದಿರಲಿಲ್ಲ.

ಖದೀರ್‌ಗೆ ಈ ಲೆಕ್ಕ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಬೇರೆ. ಮೂರು ವರ್ಷ ಯಾರ ಹತ್ತಿರ ಮಾತಾಡಿದೆ? ಎದುರಿಗೆ ಕೂತ ಈ ಗಂಡಸಿನ ಹತ್ತಿರ ಅಲ್ಲ. ಹಾಗಂತ ಪರಿಚಯವೇ ಇಲ್ಲದ ಹೆಣ್ಣುಮಗಳ ಹತ್ತಿರ ಉಬ್ಬಸದ ಮಾತಾಡಿದೆ ಎಂದುಕೊಳ್ಳಲು ನಾಚಿಕೆ. ಕೋಪ ಬರಬೇಕಿತ್ತೋ ಏನೋ, ಬರಲಿಲ್ಲ. ವೆಂಕಟೇಶ್ ಎದ್ದು ಗೂಡಿನಿಂದ ಆ ಕಂದು ಹೆಣ್ಣನ್ನು ತಂದು ಖದೀರ್ ಕೈಗಿಟ್ಟರು. ಅದರ ಕುತ್ತಿಗೆ ಈಗಲೂ ಸ್ವಲ್ಪ ವಾಲಿತ್ತು.

ಊರಿಗೆ ಬಂದ ರಾತ್ರಿಯೇ ಖದೀರ್ ಹೆಂಡತಿಗೆ ಉಬ್ಬಸದ ವಿಷಯ ಹೇಳಿದರು. ಜಮೀಲುನ್ನೀಸಾಗೆ ಅದು ಮೊದಲೇ ಗೊತ್ತಿತ್ತು. ಒಂದೇ ಗೋಡೆಯ ಆಚೆ ಕೆಮ್ಮು ಕೇಳುವುದಿಲ್ಲವೇ ಎಂದರು. ಮರುವಾರ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದರು.

ಪುಟ್ಟಮಲ್ಲಪ್ಪನವರ ಖಾತೆ ನಾಲ್ಕು ದಿನಕ್ಕೆ ವಾಪಸ್ಸು ಸಿಕ್ಕಿತು. ಗುಂಪಿನಲ್ಲಿರುವ ಒಬ್ಬರಾದರೂ ಹೋಗಿ ಗೂಡು ನೋಡಿ ಬಂದ ಹೊರತು ಹೊಸಬರನ್ನು ಸೇರಿಸುವುದಿಲ್ಲ ಎಂದು ಈಗ ನಿಯಮವಿದೆ. ಇದೇನು ಹೆಣ್ಣು ನೋಡುವ ಶಾಸ್ತ್ರವೇ ಎಂದು ಕೆಲವರು ಬಿಟ್ಟುಹೋದರು. ಲಿಂಕುಗಳು ಬರುವುದಂತೂ ನಿಂತಿದೆ.

ಖದೀರ್ ಪದ್ಮಶ್ರೀಯವರನ್ನು ಎರಡನೆಯ ಅಡ್ಮಿನ್ ಮಾಡಿದ್ದಾರೆ. ಅವರೀಗ ತಮ್ಮ ಹೆಸರಿನಲ್ಲೇ ಬರೆಯುತ್ತಾರೆ, ಬರಹವೂ ಮೊದಲಿನಷ್ಟೇ ಚೆನ್ನ. ಖದೀರ್ ಮಾತ್ರ ಉತ್ತರ ಬರೆಯಲು ಹೋಗಿ, ನಮಸ್ಕಾರ ತಂಗಿ ಎಂದು ಶುರು ಮಾಡಿ, ಎರಡು ಸಾಲಿಗೆ ನಿಂತುಬಿಡುತ್ತಾರೆ.

"ಮೊದ್ಲಂಗೆ ಬರಿಯಕ್ಕೆ ಕೈ ಬತ್ತಾ ಇಲ್ಲ," ಎನ್ನುತ್ತಾರೆ. "ಅದೇ ಮನುಷ್ಯರು, ಅದೇ ಮಾತು. ಯಾಕೆ ಅಂತ ನಂಗೇ ಗೊತ್ತಾಯ್ತಿಲ್ಲ."