ಗುಂಡೇರಾಯರ ಟೊಪ್ಪಿಗೆಗಳು

ಗುಂಡೇರಾಯರು ಚಂದದ ವಸ್ತುವನ್ನು ಕಣ್ಣು ಮುಚ್ಚಿ ನೋಡುತ್ತಿದ್ದರು. ಹಳೇ ಕಂಪ್ಯೂಟರಿನ ಕೀಬೋರ್ಡಿನಿಂದ ಒಂದು ಕೀಯ ಮೇಲಿನ ಮುಚ್ಚಳ ಕಿತ್ತು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಅದರ ಬೆನ್ನು ಸವರುತ್ತ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಐದೈದು ನಿಮಿಷ ಕೂಡುತ್ತಿದ್ದರು. ಆ ಮುಚ್ಚಳಕ್ಕೆ ಅವರು ಟೊಪ್ಪಿಗಿ ಅನ್ನುತ್ತಿದ್ದರು. ನಮ್ಮಲ್ಲಿ ಯಾರಾದರೂ ಬಾಯಿತಪ್ಪಿ ಬಟನ್ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಬಟನ್ ನಿನ್ನ ಅಂಗಿಗಿರ್ತದ. ಅದರಾಗೂ ಒಂದು ಇಲ್ಲ ಈಗ, ನೋಡ್ಕೋ" ಅನ್ನುತ್ತಿದ್ದರು. ನೋಡಿಕೊಂಡರೆ ಒಂದು ಇರುತ್ತಿರಲಿಲ್ಲ.

ವಾಡಿ ಮತ್ತು ಶಹಾಬಾದದ ನಡುವೆ, ರೈಲು ಹಳಿಯ ಮಗ್ಗುಲಿಗೆ, ಸಿಮೆಂಟು ತುಂಬುವ ಚೀಲ ನೇಯುವ ಒಂದು ಸಣ್ಣ ಕಾರ್ಖಾನೆ ಇತ್ತು. ಅದರ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ನಾವಿಬ್ಬರೇ ಗುಮಾಸ್ತರು. ತೊಂಬತ್ತರ ದಶಕದ ನಡುವೆ ನಾನು ಚಿತ್ತಾಪುರದಿಂದ ಬಂದು ಸೇರಿದಾಗ ಸೇಡಂನ ಗುಂಡೇರಾಯರು ಅಲ್ಲಿ ಆಗಲೇ ಹಳಬರು. ಮೊದಲನೇ ದಿನ ಕರವಸ್ತ್ರದ ಗಂಟೊಂದನ್ನು ನನ್ನ ಮುಂದೆ ಬಿಚ್ಚಿದರು. ಒಳಗೆ ಹತ್ತಿಪ್ಪತ್ತು ಟೊಪ್ಪಿಗೆಗಳಿದ್ದವು. "ಯಾವುದು ಯಾವ ಸಾಲಿಂದು ಹೇಳು. ಅಕ್ಷರ ನೋಡಬ್ಯಾಡ, ಬೆನ್ನು ಮುಟ್ಟಿ ಹೇಳು" ಅಂದರು. ನನಗೆ ಎಲ್ಲವೂ ಒಂದೇ ಥರ ಕಂಡವು. ಮೇಲಿನ ಸಾಲಿನವು ಮುಂದಕ್ಕೆ ಬಾಗಿರುತ್ತವೆ, ಕೆಳಗಿನವು ಹಿಂದಕ್ಕೆ, ನಡುವಿನವು ಬಟ್ಟಲಿನ ಹಾಗೆ ತಗ್ಗಾಗಿರುತ್ತವೆ ಎಂಬುದೆಲ್ಲ ಆಮೇಲೆ ಕಲಿತದ್ದು.

"ಹತ್ತು ಬೆರಳು ಕೊಟ್ಟಾನ ದೇವರು. ನಿನಗ ಕೊಟ್ಟು ಹತ್ತೂ ದಂಡ ಮಾಡ್ಯಾನ" ಎಂದು ಗಂಟು ಕಟ್ಟಿದರು.

ಭಾನುವಾರ ಬಂದರೆ ರಾಯರು ಸ್ನಾನ, ಸಂಧ್ಯಾವಂದನೆ ಮುಗಿಸಿ, ನಾಮ ಹಚ್ಚಿಕೊಂಡು ವಾಡಿಯ ಗುಜರಿ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯ ಮಕ್ಬೂಲ್ ಅವರಿಗಾಗಿ ಕೀಬೋರ್ಡುಗಳನ್ನು ಬೇರೆ ತೆಗೆದಿಡುತ್ತಿದ್ದ. ರಾಯರು ಒಂದೊಂದು ಕೀಯನ್ನೂ ಒತ್ತಿ, ಕಿವಿಗೊಟ್ಟು ಕೇಳಿ, ಆಮೇಲೆ ಬೇಕು ಬೇಡ ಹೇಳುತ್ತಿದ್ದರು. ತಂದದ್ದನ್ನು ಕ್ವಾರ್ಟರ್ಸಿನ ಮಾಳಿಗೆಯ ಮೇಲೆ ಬಿಚ್ಚಿ, ಟೊಪ್ಪಿಗೆಗಳನ್ನು ಅಂಟವಾಳಕಾಯಿಯ ನೀರಿನಲ್ಲಿ ತೊಳೆದು, ಹೆಂಡತಿ ಸುಶೀಲಾಬಾಯಿ ಸಂಡಿಗೆ ಹಾಕಿದ ಸೀರೆಯ ತುದಿಗೆ ಒಣಹಾಕುತ್ತಿದ್ದರು. ಒಮ್ಮೆ ಒಂದು ಟೊಪ್ಪಿಗೆ ಸಂಡಿಗೆಯ ಡಬ್ಬಿ ಸೇರಿ, ಹಬ್ಬದ ದಿನ ಕಾದ ಎಣ್ಣೆಗೆ ಬಿದ್ದು, ಮನೆಯೆಲ್ಲ ಪ್ಲಾಸ್ಟಿಕ್ ವಾಸನೆ ಎದ್ದಿತಂತೆ. ಸಂಡಿಗೆ ಹೋಯಿತು ಎಂದು ಆ ತಾಯಿ ಅತ್ತರು. ರಾಯರು ಟೊಪ್ಪಿಗೆ ಹೋಯಿತೆಂದು ಎರಡು ದಿನ ಮಾತು ಬಿಟ್ಟಿದ್ದರು.

ಅಕ್ಷರವನ್ನು ಮೇಲೆ ಬಳಿದಿದ್ದರೆ ಅಂಥ ಕೀಬೋರ್ಡನ್ನು ಅವರು ಮುಟ್ಟುತ್ತಿರಲಿಲ್ಲ. ಅಕ್ಷರಕ್ಕೊಂದು ಪ್ಲಾಸ್ಟಿಕ್, ಸುತ್ತಲಿನದಕ್ಕೊಂದು, ಎರಡನ್ನೂ ಕೂಡಿಸಿ ಎರಕ ಹೊಯ್ದದ್ದೇ ಬೇಕು. "ಹತ್ತು ವರ್ಷ ತಿಕ್ಕು, ಅಕ್ಷರ ಹೋಗಂಗಿಲ್ಲ. ಒಳತನಕ ಅದ ಅದು. ಈಗಿನವು ಮ್ಯಾಲ ಬಳದಿರ್ತಾರ, ನಿನ್ನ ಇಂಗ್ಲಿಷಿನಂಗ." ಅವರು ಆಯ್ದವೆಲ್ಲ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ, ಹಳೇ ಧೋತರದಲ್ಲಿ ಸುತ್ತಿ, ಒಂದರ ಮೇಲೊಂದು ಕೂತಿರುತ್ತಿದ್ದವು. ಕೀಗೆ ಏಟು ತಾಕದಂತೆ ಟೊಪ್ಪಿಗೆ ಕೀಳಲು ತಂತಿಯನ್ನು ಎರಡು ಕಡೆ ಬಾಗಿಸಿ ಒಂದು ಚಿಮಟಿಗೆ ಮಾಡಿಕೊಂಡಿದ್ದರು. ಅದರಿಂದ ಕೀಳುವುದನ್ನು ನನಗೂ ಕಲಿಸಿದ್ದರು. ಅವರು ನನಗೆ ಬೈಯದೆ ಕಲಿಸಿದ ವಿದ್ಯೆ ಅದೊಂದೇ.

ನಮ್ಮ ಕೆಲಸದ ಪದ್ಧತಿ ಹೀಗಿತ್ತು: ಹಾಜರಿ ಪುಸ್ತಕವನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕಂಪ್ಯೂಟರಿಗೆ ಹೊಡೆಯಬೇಕು. ನಾನು ಓದುತ್ತಿದ್ದೆ. ರಾಯರು ಪರದೆಯನ್ನೂ ನೋಡದೆ, ಪುಸ್ತಕವನ್ನೂ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಹೊಡೆಯುತ್ತಿದ್ದರು. ಒಂದು ಅಕ್ಷರ ತಪ್ಪುತ್ತಿರಲಿಲ್ಲ. ನನಗದು ಸೊಕ್ಕು ಅನಿಸುತ್ತಿತ್ತು. ಒಮ್ಮೆ ನನ್ನ ಮಾವ ಅಳಿಯನ ಆಫೀಸು ನೋಡಬೇಕೆಂದು ಕೊಡ್ಲಿಯಿಂದ ಬಂದಿದ್ದರು. ರಾಯರು ಅವರಿಗೆ "ಕುಂದ್ರಿ, ಚಹಾ ತಗೋರಿ" ಎಂದು ಉಪಚಾರ ಮಾಡಿ, ಕೊನೆಗೆ, "ನಿಮ್ಮ ಅಳಿಯ ಬರೇ ಓದ್ತಾನ್ರಿ. ರೇಡಿಯೋ ಇದ್ದಂಗ. ರೇಡಿಯೋಕ್ಕ ಪಗಾರ ಇರಂಗಿಲ್ಲ, ಇವಗ ಅದ" ಅಂದರು. ಮಾವ ನಕ್ಕರು. ನಾನೂ ನಕ್ಕೆ. ಅದನ್ನು ಮಾತ್ರ ಮರೆಯಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಹೊಸ ಮ್ಯಾನೇಜರ್ ಬಂದರು. ಟೈಮ್ ಆಫೀಸಿಗೆ ಇಬ್ಬರು ಬೇಡ, ಒಬ್ಬರು ಸಾಕು ಅಂದರು. ಹೋಗುವವರು ಕ್ವಾರ್ಟರ್ಸನ್ನೂ ಬಿಡಬೇಕು. ಇಬ್ಬರೂ ತಮ್ಮೆದುರು ಒಂದೊಂದು ಹಾಳೆ ಹೊಡೆದು ತೋರಿಸಬೇಕು, ನೋಡಿ ಹೇಳುತ್ತೇನೆ ಅಂದರು. ರಾಯರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ನನ್ನ ಹೆಂಡತಿ ಆಗ ಎರಡನೆಯದಕ್ಕೆ ಬಸುರಿ. ಹಾಳೆ ಹೊಡೆಯುವ ಪಂದ್ಯದಲ್ಲಿ ನಾನು ಗೆಲ್ಲುವುದು ಸಾಧ್ಯವೇ ಇರಲಿಲ್ಲ.

ಅದೇ ವಾರ ಚಹಾದ ಮಲ್ಲಮ್ಮ ರಾಯರ ಕಪ್ಪನ್ನು ದಿನದಂತೆ ಬಲಕ್ಕಿಡದೆ ಎಡಕ್ಕಿಟ್ಟು ಹೋದಳು. ರಾಯರ ಕೈ ಬಲಕ್ಕೆ ಹೋಯಿತು. ಬರಿದಾದ ಮೇಜನ್ನು ಮೆಲ್ಲಗೆ ತಡವಿತು. ಕಪ್ಪು ಎಡಕ್ಕೆ, ಕಣ್ಣೆದುರಿಗೇ ಹೊಗೆಯಾಡುತ್ತಿತ್ತು. ಸಕ್ಕರೆ ಕಾಯಿಲೆ ಅವರಿಗೆ ಮೊದಲಿನಿಂದ ಇತ್ತು, ಅದು ಎಲ್ಲಿಗೆ ಬಂದು ಮುಟ್ಟಿದೆ ಎಂದು ನನಗೆ ಆ ಕ್ಷಣ ತಿಳಿಯಿತು. ಕನಿಕರ ಬರಬೇಕಿತ್ತು. ನನಗೆ ಬಂದದ್ದು ಖುಷಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಪರೀಕ್ಷೆಯ ದಿನ ರಾಯರು ಊಟಕ್ಕೆ ಹೋದಾಗ ಅವರ ತಂತಿಯ ಚಿಮಟಿಗೆಯಿಂದಲೇ ಅವರ ಕೀಬೋರ್ಡಿನ ನಾಲ್ಕು ಟೊಪ್ಪಿಗೆ ಕಿತ್ತೆ. ಎಫ್ ಮತ್ತು ಜೆ ಮೇಲೆ ಸಣ್ಣದೊಂದು ಗೆರೆ ಉಬ್ಬಿರುತ್ತದೆ, ನೋಡದೆ ಹೊಡೆಯುವವರು ತೋರುಬೆರಳನ್ನು ಅದರ ಮೇಲಿಟ್ಟೇ ಉಳಿದೆಲ್ಲ ಜಾಗ ಅಂದಾಜು ಮಾಡುತ್ತಾರೆ. ಎಫ್ ಇದ್ದಲ್ಲಿ ಡಿ, ಡಿ ಇದ್ದಲ್ಲಿ ಎಫ್ ಹಾಕಿದೆ. ಆ ಕಡೆ ಜೆ ಮತ್ತು ಕೆ ಬದಲಿಸಿದೆ. ಗೆರೆ ಹುಡುಕುವ ಬೆರಳು ಈಗ ಒಂದೊಂದು ಕೀ ಆಚೆಗೆ ಹೋಗಿ ಕೂಡುತ್ತವೆ. ಕಣ್ಣಿದ್ದವರು ಬಗ್ಗಿ ನೋಡಿದರೆ ಸಾಕು, ತಿಳಿಯುತ್ತದೆ. ಆದರೆ ಆ ಆಫೀಸಿನಲ್ಲಿ ಟೊಪ್ಪಿಗೆ ನೋಡುವವರು ರಾಯರೊಬ್ಬರೇ.

ಮ್ಯಾನೇಜರ್ ಬಂದು ಹಿಂದೆ ನಿಂತರು. ರಾಯರು ಕೈ ಇಟ್ಟರು. "ಅಂಬಾರಾಯ" ಎಂದು ಮೊದಲನೇ ಹೆಸರು ಓದಿದೆ. ಪರದೆಯ ಮೇಲೆ ಮೊದಲು ಒಂದು ಅಲ್ಪವಿರಾಮ ಬಿತ್ತು, ಆಮೇಲೆ ವಿ, ಇ, ಯು. ರಾಯರ ಬೆರಳು ಒಂದು ಗಳಿಗೆ ತಡೆದವು. ನಾನು ಎರಡನೇ ಹೆಸರು ಓದಿದೆ. ಅವರು ಹೊಡೆದರು. ಹಾಳೆಯಲ್ಲಿ ಮೂವತ್ತು ಹೆಸರಿದ್ದವು. ಹದಿನೆಂಟನೆಯದಾದ ಮೇಲೆ ನಿಲ್ಲಿಸಿ, ಲೋಟ ಎತ್ತಿ ನೀರು ಕುಡಿದೆ. ಅವರ ಕೈ ಕೀಬೋರ್ಡಿನ ಮೇಲೆ ಸುಮ್ಮನೆ ಕಾಯುತ್ತಿತ್ತು. ಹತ್ತೊಂಬತ್ತನೆಯದು ಓದಿದೆ. ಹಾಗೇ ಮೂವತ್ತೂ ಮುಗಿಸಿದೆ.

"ಗುಂಡೇರಾವ್, ಏನು ಹೊಡದೀರಿ? ಪರದೆ ಓದ್ರಿ" ಎಂದರು ಮ್ಯಾನೇಜರ್.

ರಾಯರು ಎದ್ದು ನಿಂತು, ಮ್ಯಾನೇಜರ್ ಇರದ ಕಡೆಗೆ ಕೈ ಮುಗಿದು, "ನನಗ ಕಣ್ಣು ಕಾಣಂಗಿಲ್ರಿ ಸಾಹೇಬ್ರ. ಮೂರು ವರ್ಷ ಆತು" ಅಂದರು.

ವಾರದೊಳಗೆ ಕ್ವಾರ್ಟರ್ಸು ಖಾಲಿಯಾಯಿತು. ಕಪಾಟು ತೆರವು ಮಾಡಲು ಮ್ಯಾನೇಜರ್ ಹೇಳಿದಾಗ ನಾನು ಮಕ್ಬೂಲನನ್ನೇ ಕರೆಸಿದೆ. ಅವನು ಧೋತರದ ಗಂಟು ನೋಡಿ, "ಇವು ರಾಯರ್ವು ಅಲ್ಲೇನ್ರಿ?" ಅಂದ. "ರಾಯರೇ ಹೇಳ್ಯಾರ" ಅಂದೆ. ಒಂದೊಂದಾಗಿ ಆರಿಸಿ ತಂದದ್ದೆಲ್ಲ ಒಂದೇ ಗಾಡಿಯಲ್ಲಿ ಹೋಯಿತು. ಮೇಜಿನ ಮೇಲಿದ್ದ ಅವರ ಕೀಬೋರ್ಡನ್ನು ಮಾತ್ರ ವೈರು ಬಿಚ್ಚಿ ಮೇಜಿನ ಕೆಳಗೆ ಎಸೆದೆ. ನನಗೆ ಹೊಸದು ಕೊಟ್ಟರು. ಅದರ ಅಕ್ಷರ ವರ್ಷದೊಳಗೆ ಅಳಿಸಿಹೋದವು.

ನಾಲ್ಕೈದು ವರ್ಷದ ಮೇಲೆ ಯಾವುದೋ ಮದುವೆಗೆ ಸೇಡಂಗೆ ಹೋಗುವುದಿತ್ತು. ಬರಿಗೈಲಿ ಹೋಗುವುದು ಹೇಗೆಂದು ಆ ಕೀಬೋರ್ಡು ಒರೆಸಿ ಚೀಲಕ್ಕೆ ಹಾಕಿಕೊಂಡೆ. ಒಂದೇ ಖೋಲಿಯ ಬಾಡಿಗೆ ಮನೆ. ಸುಶೀಲಾಬಾಯಿ ಬಾಗಿಲು ತೆರೆದು, "ಶರಣಪ್ಪ ಬಂದಾನ್ರಿ" ಅಂದರು. ರಾಯರ ಮುಖ ಅರಳಿತು. ಅದರಿಂದ ನನಗೆ, ಬೈದಿದ್ದರೆ ಆಗುವುದಕ್ಕಿಂತ ಹೆಚ್ಚು ನೋವಾಯಿತು. ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟೆ. ತೂಕ ನೋಡಿದರು, ನಕ್ಕರು, ಹೆಬ್ಬೆರಳನ್ನು ನಡುಸಾಲಿನ ಮೇಲೆ ಎಳೆದರು. ಬೆರಳು ನಿಂತಿತು.

"ಇನ್ನೂ ಹಂಗೇ ಬಿಟ್ಟೀಯಲ್ಲೋ ಶರಣ್ಯಾ" ಅಂದರು.

ತಿರುಗಿ ಹಾಕುವುದನ್ನು ನಾನು ಮರೆತೇಬಿಟ್ಟಿದ್ದೆ. ಅಷ್ಟು ವರ್ಷ ಅವರ ಕೈಕೆಳಗಿದ್ದವನು, ಒರೆಸುವಾಗಲೂ ಟೊಪ್ಪಿಗೆ ನೋಡಿರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಮೊದಲನೇ ಅಕ್ಷರಕ್ಕೇ ತಿಳೀತು. ಕಿರುಬೆರಳು ಹೋಗಿ ಕ್ಯಾಪ್ಸ್ ಲಾಕ್ ಮ್ಯಾಲ ಕುಂತಿತ್ತು. ಅದರ ಟೊಪ್ಪಿಗಿ ಅಗಲ ಇರ್ತದ."

"ಮತ್ತ ಕೈ ಸರಿಸಿ ಹೊಡೀಬೇಕಿತ್ತಲ್ರಿ."

"ಹೊಡೀಬಹುದಿತ್ತು." ಉಗುರಿನಿಂದಲೇ ನಾಲ್ಕು ಟೊಪ್ಪಿಗೆ ಎಬ್ಬಿಸಿ, ಒಂದೊಂದನ್ನೂ ಅದರದರ ಜಾಗಕ್ಕೆ ಒತ್ತಿದರು. "ಈ ಹೆಸರಿಗೆ ನಿಲ್ಲಸ್ತಾನ, ಮುಂದಿನ ಹೆಸರಿಗೆ ನಿಲ್ಲಸ್ತಾನ ಅಂತ ನಾ ಹೊಡಕೋತ ಹೋದೆ. ನಡುವ ಒಮ್ಮೆ ನಿಂತಿದ್ದಿ. ಹುಡುಗ ಛಲೋ ಇದ್ದಾನ, ನನ್ನ ಬಾಯೇ ಕೆಟ್ಟದು ಅಂದ್ಕೊಂಡೆ."

ಕೀಬೋರ್ಡನ್ನು ನನ್ನ ಕೈಗೆ ವಾಪಸು ಕೊಟ್ಟರು.

"ನೀರು ಕುಡೀಲಿಕತ್ತಿದ್ದಿ ಅಂತ ಲೋಟಾ ಕೆಳಗಿಟ್ಟ ಸಪ್ಪಳಕ್ಕ ತಿಳೀತು."