ಬಾಗಿಲು ಮುಚ್ಚಿಸುವ ಕಮಲಾಕ್ಷ ಅಂಕಲ್

ಕಮಲಾಕ್ಷ ಅಂಕಲ್ ಮೆಲ್ಬರ್ನಿನ ನಮ್ಮ ಯೂನಿವರ್ಸಿಟಿಯ ಅಗ್ನಿಶಾಮಕ ವಿಭಾಗದಲ್ಲಿ ಕಂಪ್ಲಯನ್ಸ್ ಆಫೀಸರ್. ಅಂದರೆ, ಬಾಗಿಲು ಮುಚ್ಚಿಸಲೆಂದೇ ಸಂಬಳ ಪಡೆಯುವ ಮನುಷ್ಯ. ಗಾಳಿ ಬರಲೆಂದು, ಬೆಂಕಿ-ಹೊಗೆ ಹರಡದಂತೆ ತಡೆಯುವ ಫೈರ್ ಡೋರಿಗೆ ಯಾರು ಕುರ್ಚಿ ಅಡ್ಡ ಇಟ್ಟರೂ, ಅವರು ಪ್ರೊಫೆಸರೇ ಆಗಿರಲಿ, ಆ ಕುರ್ಚಿ ಜಪ್ತಿ. “ಮುಚ್ಚಿದ ಬಾಗಿಲು ಜೀವ ಉಳಿಸ್ತದೆ ಮಾರಾಯ್ರೆ!” ಮದುವೆಗೆ ಕರೆದರೂ ವಧೂವರರಿಗಿಂತ ಮೊದಲು ಅವರು ನೋಡುವುದು ಎಕ್ಸಿಟ್ ಬೋರ್ಡನ್ನು. ಇಂಥವರ ಕ್ರಾನ್‌ಬರ್ನ್ ಬಡಾವಣೆಯ ಮನೆಗೆ ಮೊನ್ನೆ ಮೊದಲ ಸಲ ಹೋದಾಗ, ಒಂದು ರೂಮಿನ ಬಾಗಿಲಿಗೆ ಇಟ್ಟಿಗೆ ಒತ್ತಿಟ್ಟು ತೆರೆದೇ ಬಿಟ್ಟಿದ್ದನ್ನು ಕಂಡು ನಕ್ಕೆ. “ಏನಂಕಲ್, ನಿಮ್ಮನೇಲೇ ರೂಲ್ಸ್ ಇಲ್ವಾ?” ಅವರು ನಗಲಿಲ್ಲ. “ನಮ್ಮ ಮಗಳು ನಿರೀಕ್ಷಾ ತೀರಿಕೊಂಡದ್ದು ಆ ರೂಮಲ್ಲಿ. ಬಾಗಿಲು ಹಾಕಿತ್ತಲ್ಲ, ಓದ್ತಾ ಇದ್ದಾಳೆ ಅಂತ ನಾವು ಗ್ರಹಿಸಿದ್ದು.”